ಗುಡ್ಡದ ಹುಲ್ಲು, ನಮ್ಮ ಅಬ್ಬಿ ನೀರು

ಕುದುರೆಮುಖ ನಮ್ಮ ಅಂಗಳಕ್ಕೆ ಕಾಣುತ್ತೆ. ಬೆಳಿಗ್ಗೆ ಎದ್ದು ಅದರ ನೆತ್ತಿ ಮೇಲೆ ಮೋಡ ಇದೆಯಾ ಅಂತ ನೋಡಿಯೇ ಅಡಿಕೆ ಹರಡೋದು. 54 ವರ್ಷ ಹೀಗೆ ನೋಡಿದ್ದೇ ಬಂತು, ಒಂದು ದಿನ ಹತ್ತಿದವನಲ್ಲ. ಗುಡ್ಡ ಹತ್ತೋದು ಬೆಂಗಳೂರಿನವರಿಗೆ, ನಮಗೆ ತೋಟದ ದರೆ ಹತ್ತಿ ಇಳಿಯೋದೇ ಸಾಕು ಅನ್ನೋ ಲೆಕ್ಕ.

ಸಂಕ್ರಾಂತಿಗೆ ಬಂದ ಮಗಳು ಮೊಬೈಲಲ್ಲೇ ಇಬ್ಬರಿಗೂ ಟಿಕೆಟ್ ಮಾಡಿಬಿಟ್ಟಿದ್ದಳು. "ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ ಅಪ್ಪಯ್ಯ, ದುಡ್ಡು ಕಟ್ಟಿಯಾಗಿದೆ, ಬರಲೇಬೇಕು" ಅಂದಳು. ಎರಡನೇ ಕೊಯ್ಲು ಮುಗಿದಿತ್ತು, ಮೂರನೆಯದಕ್ಕೆ ಎಂಟು ದಿನ ಇತ್ತು. ಹೊರಟೆ.

ಒಂದು ವಿಷಯ ಮೊದಲೇ ಹೇಳಿಬಿಡ್ತೇನೆ. ನಮ್ಮ ತೋಟದ ಮೇಲ್ಗಡೆ ಒಂದೂವರೆ ಎಕರೆ ಬ್ಯಾಣ ಇದೆ. ಬರೀ ಹುಲ್ಲು. ಕೊಟ್ಟಿಗೆಯಲ್ಲಿ ಒಂದೇ ಹಸು ಉಳಿದ ಮೇಲೆ ಅದು ದಂಡಕ್ಕೆ ಬಿದ್ದ ಜಾಗ ಅಂತ ಅನ್ನಿಸಿತ್ತು. ಜೇಸಿಬಿಯಲ್ಲಿ ಮಟ್ಟ ಹೊಡೆಸಿ ಅಡಿಕೆ ಹಾಕೋದು ಅಂತ ತೀರ್ಮಾನ ಆಗಿ, ಐದು ಸಾವಿರ ಮುಂಗಡವನ್ನೂ ಕೊಟ್ಟಿದ್ದೆ.

ಸಂಸೆ ಕಡೆಯಿಂದ ಮುಳ್ಳೋಡಿವರೆಗೆ ಜೀಪು. ಅದರಲ್ಲಿ ಕೂತವನಿಗೆ ಸೊಂಟ ಇದೆ ಅನ್ನೋದು ಚೆನ್ನಾಗಿ ಗೊತ್ತಾಗುತ್ತೆ. ಅಲ್ಲಿಂದ ನಡಿಗೆ, ಹೋಗಿ ಬರಲು ಸುಮಾರು 20 ಕಿಲೋಮೀಟರ್. ಜೊತೆಗೆ ಗೈಡ್, ಅದೇ ಕಡೆಯ ಹುಡುಗ. ಮೊದಲು ಕಾಡು. ಒಂದು ಕೆಂದಳಿಲು ಮರದಿಂದ ಮರಕ್ಕೆ ಹಾರಿ ಹೋಯ್ತು, ಬಾಲವೇ ಒಂದು ಮೊಳ ಇರಬೇಕು. ದಾರಿ ಮಧ್ಯೆ ಕೂದಲು ತುಂಬಿದ ಒಂದು ಹಿಕ್ಕೆ. ಹುಡುಗ ಕೋಲಲ್ಲಿ ಕೆದಕಿ, "ಚಿರತೆಯದ್ದು, ಹಳೇದು" ಅಂದ. ಮಗಳು ಅದರ ಫೋಟೋ ತೆಗೆದಳು. ಕಾಲ ಹೀಗಿದೆ!

ಒಂಟಿಮರ ದಾಟಿದ ಮೇಲೆ ಬರೀ ಹುಲ್ಲಿನ ಗುಡ್ಡ. ಒಣಗಿ ಕೆಂಚಗೆ ಆಗಿತ್ತು. ಗುಡ್ಡ ಗುಡ್ಡದ ಸಂದಿಯಲ್ಲಿ ಮಾತ್ರ ಕಪ್ಪಗೆ ಶೋಲಾ ಕಾಡು. ಅಲ್ಲಿ ಹುಡುಗ ಕೈ ಅಡ್ಡ ಹಿಡಿದು ನಿಲ್ಲಿಸಿದ. ಎದುರು ಗುಡ್ಡದಲ್ಲಿ, ಕಾಡೂ ಹುಲ್ಲೂ ಸೇರುವ ಅಂಚಿನಲ್ಲಿ, ಐದು ಕಾಟಿ. ಒಂದು ದೊಡ್ಡ ಗೂಳಿ, ಮೊಣಕಾಲಿನ ಕೆಳಗೆ ಬಿಳಿ ಕಾಲುಚೀಲ ಹಾಕಿದ ಹಾಗೆ. ನಮ್ಮ ಹಸು ಮೇಯುವ ಹಾಗೇ ತಲೆ ಬಗ್ಗಿಸಿ ಮೇಯ್ತಾ ಇದ್ದವು.

ಮಗಳು ಉಸಿರು ಬಿಡದೆ ನೋಡ್ತಾ ಇದ್ದಳು. ನನಗೆ ನೆನಪಾಗಿದ್ದು ಹೋದ ವರ್ಷ ಒಂದೇ ರಾತ್ರಿ ನೆಲಸಮ ಆದ ಅರವತ್ತು ಅಡಿಕೆ ಸಸಿ. ಸುಳ್ಳು ಹೇಳೋದಿಲ್ಲ, ಹಲ್ಲು ಕಡಿದೆ. ಹುಡುಗನಿಗೂ ಹೇಳಿದೆ. ಅವನು, "ಕೆಳಗೆ ಹುಲ್ಲು ಎಲ್ಲಿದೆ ಅಣ್ಣ? ಇದ್ದ ಬ್ಯಾಣಕ್ಕೆಲ್ಲ ಅಕೇಶಿಯಾ, ಇಲ್ಲಾ ತೋಟ" ಅಂದ. ನನ್ನ ಸಸಿ ಹೋದದ್ದಕ್ಕೆ ಅದು ಉತ್ತರ ಅಲ್ಲ. ಆದರೆ ಮಾತು ಸುಳ್ಳೂ ಅಲ್ಲ.

ಅಲ್ಲಿಂದ ಮುಂದೆ ಒಂದು ಹಳ್ಳ. ಮಳೆ ನಿಂತು ಎರಡು ತಿಂಗಳಾಗಿತ್ತು, ಆದರೂ ಪಾದ ಮುಳುಗುವಷ್ಟು ತಣ್ಣನೆ ನೀರು. ಇದು ಎಲ್ಲಿಂದ ಬರುತ್ತೆ ಅಂತ ಹತ್ತು ಮಾರು ಮೇಲೆ ಹೋಗಿ ನೋಡಿದೆ. ಬಂಡೆಯಿಂದ ಬರ್ತಾ ಇರಲಿಲ್ಲ. ಹುಲ್ಲಿನ ಬುಡದಿಂದ, ಬೆವರಿನ ಹಾಗೆ ಜಿನುಗ್ತಾ ಇತ್ತು. ಮೇಲೆ ಒಣ ಹುಲ್ಲು, ಬೆರಳು ತೂರಿಸಿದರೆ ಒಳಗೆ ಕರಿ ಮಣ್ಣು, ಒದ್ದೆ ಬಟ್ಟೆ ಮುಟ್ಟಿದ ಹಾಗೆ.

ಅಲ್ಲೇ ಕೂತೆ. ಸುಸ್ತಾಯ್ತು ಅಂತ ಮಗಳು ತಿಳಿದಳು. ನನ್ನ ತಲೆಯಲ್ಲಿ ಇದ್ದದ್ದು ನಮ್ಮ ಅಬ್ಬಿ. ನಮ್ಮ ಮನೆಗೂ ಅರ್ಧ ತೋಟಕ್ಕೂ ಪಂಪ್ ಇಲ್ಲದೆ ನೀರು ಬರೋದು ಒಂದು ಒರತೆಯಿಂದ. ಆ ಒರತೆ ಇರೋದು ಬ್ಯಾಣದ ಬುಡದಲ್ಲಿ. ಅಪ್ಪನ ಕಾಲದಿಂದ ಕುಡಿದ ನೀರು, ಅದಕ್ಕೂ ಮೇಲಿನ ಹುಲ್ಲಿಗೂ ಸಂಬಂಧ ಇದೆ ಅಂತ ನನಗೆ ಹೊಳೆದೇ ಇರಲಿಲ್ಲ.

ತುದಿ ಸುಮಾರು 1,890 ಮೀಟರ್ ಅಂತೆ. ಗಾಳಿ ನಿಲ್ಲಲು ಬಿಡಲಿಲ್ಲ. ಸಂಜೆಯೊಳಗೆ ಕೆಳಗಿರಬೇಕು ಅಂತ ನಿಯಮ, ಬುತ್ತಿ ಬಿಚ್ಚಿ ಉಂಡು ಇಳಿದೆವು. ಮಂಡಿಯ ಕಥೆ ಬೇಡ.

ಇಳಿಯುವಾಗ ಗಣಿಯ ದಿನ ನೆನಪಾಯ್ತು. 1987ರಲ್ಲಿ ರಾಷ್ಟ್ರೀಯ ಉದ್ಯಾನ ಅಂತ ಘೋಷಣೆ ಆದ ಮೇಲೂ ಕುದುರೆಮುಖದಲ್ಲಿ ಅದಿರು ಅಗೀತಾನೇ ಇದ್ದರು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ನಿಂತಿತು. ಆಗೆಲ್ಲ ಮಳೆಗಾಲದಲ್ಲಿ ಭದ್ರೆ ಕೆಂಪಗೆ ಬರೋದನ್ನ ನೋಡಿ ನಾನೂ ಬೈದವನೇ. ನನ್ನದು ಒಂದೂವರೆ ಎಕರೆ, ಅದಕ್ಕೂ ಇದಕ್ಕೂ ಹೋಲಿಕೆ ಇಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಪೂರ್ತಿ ಸಮಾಧಾನ ಆಗಲಿಲ್ಲ.

ಮರುದಿನ ಕುಂಟುತ್ತಾ ಗುದ್ದಲಿ ಹಿಡಿದು ಬ್ಯಾಣಕ್ಕೆ ಹೋದೆ. ಒಂದು ಗುಂಡಿ ಅಲ್ಲಿ, ಇನ್ನೊಂದು ಮೂರು ವರ್ಷದ ಹಿಂದೆ ಮಟ್ಟ ಹೊಡೆಸಿದ ಜಾಗದಲ್ಲಿ. ಬ್ಯಾಣದಲ್ಲಿ ಒಂದೂವರೆ ಅಡಿಗೆ ಮಣ್ಣು ಉಂಡೆ ಕಟ್ಟಿತು. ಮಟ್ಟ ಹೊಡೆಸಿದ ಕಡೆ ಎರಡು ಅಡಿ ತೆಗೆದರೂ ಪುಡಿ ಪುಡಿ. ಎರಡು ಗುಂಡಿಯಿಂದ ಎಲ್ಲ ತಿಳಿಯೋದಿಲ್ಲ, ಒಪ್ತೇನೆ. ನನಗೆ ಅಷ್ಟು ಸಾಕಾಯ್ತು.

ಜೇಸಿಬಿಯವನಿಗೆ ಈ ವರ್ಷ ಬೇಡ ಅಂದೆ. ಮುಂಗಡ ಬೇರೆ ಕೆಲಸಕ್ಕೆ ವಜಾ ಮಾಡ್ಕೊಳ್ತೇನೆ ಅಂದಿದ್ದಾನೆ. ಮನೆಯವಳ ಪ್ರಶ್ನೆ ಮಾತ್ರ ಹಾಗೇ ಇದೆ: ಎಂಟುನೂರು ಸಸಿ ಕೊಟ್ಟೆಯಲ್ಲಿ ಎದ್ದು ನಿಂತಿದೆ, ಅದನ್ನ ಎಲ್ಲಿ ನೆಡ್ತೀರಿ? ಸಾಲದ ಕಂತು ಹುಲ್ಲು ಕಟ್ಟುತ್ತಾ? ಅವಳು ಹೇಳೋದರಲ್ಲೂ ತಪ್ಪಿಲ್ಲ. ಅರ್ಧದಷ್ಟು ಸಸಿ ಮಾರಬೇಕು, ಉಳಿದದ್ದು ಹಳೇ ತೋಟದಲ್ಲಿ ಸತ್ತ ಮರಗಳ ಜಾಗಕ್ಕೆ. ಸದ್ಯಕ್ಕೆ ಅಷ್ಟೇ ಯೋಚನೆ.

ನಿಮ್ಮಲ್ಲಿ ಬ್ಯಾಣ ತೆಗೆದು ತೋಟ ಮಾಡಿದವರಿದ್ದರೆ, ಆಮೇಲೆ ಕೆಳಗಿನ ಒರತೆ ಏನಾಯ್ತು ಅಂತ ದಯವಿಟ್ಟು ಬರೀರಿ. ನೀರು ಉಳಿದಿದ್ದರೆ ಅದನ್ನೂ ಬರೀರಿ.