ಅಂಗಡಿಯ ಹಣ, ಮನೆಯ ಹಣ

ಸ್ವಂತ ವ್ಯಾಪಾರವೆಂದರೆ ಸ್ವಾತಂತ್ರ್ಯವೆಂದು ಬಹುಮಂದಿ ತಿಳಿದಿರುವರು. ಮೇಲಧಿಕಾರಿಯ ಮುಖವನ್ನು ನೋಡಬೇಕಾದುದಿಲ್ಲ. ರಜೆಗಾಗಿ ಅರ್ಜಿ ಬರೆಯಬೇಕಾದುದಿಲ್ಲ. ಬೇಕೆಂದಾಗ ಗಲ್ಲಾಪೆಟ್ಟಿಗೆಗೆ ಕೈಹಾಕಿದರೆ ಹಣವುಂಟು. ಹೊರಗಿನಿಂದ ನೋಡುವವರಿಗೆ ಹೀಗೆ ತೋರುವುದು ಸಹಜವೇ. ಆದರೆ ತುಮಕೂರಿನ ಒಂದು ಬಡಾವಣೆಯಲ್ಲಿ ಇಪ್ಪತ್ತೈದು ವರ್ಷಗಳಿಂದ ಸಣ್ಣದೊಂದು ದಿನಸಿ ಅಂಗಡಿಯನ್ನು ನಡೆಸಿಕೊಂಡು ಬಂದಿರುವ ನನಗೆ, ಈ ಮೂರನೆಯ ಮಾತಿನಲ್ಲಿಯೇ ಅಂಗಡಿಕಾರನ ಏಳುಬೀಳುಗಳೆಲ್ಲ ಅಡಗಿರುವಂತೆ ಕಾಣುತ್ತದೆ. ಗಲ್ಲಾಪೆಟ್ಟಿಗೆಯಲ್ಲಿರುವ ಹಣವು ಯಜಮಾನನದಲ್ಲ. ಈ ಒಂದು ಸಂಗತಿಯನ್ನು ವಾಚಕರ ಮುಂದೆ ಸ್ವಲ್ಪ ಬಿಡಿಸಿ ಹೇಳಬೇಕೆಂದು ನನ್ನ ಆಸೆ.

ಮೊದಲು ಲೆಕ್ಕವನ್ನೇ ನೋಡೋಣ. ದಿನಕ್ಕೆ 10,000 ರೂಪಾಯಿಯ ವ್ಯಾಪಾರವಾಯಿತೆನ್ನಿ. 100 ರೂಪಾಯಿಗೆ ಮಾರಿದ ಪದಾರ್ಥವನ್ನು 90 ರೂಪಾಯಿಗೆ ಕೊಂಡಿದ್ದರೆ, ಅದರಲ್ಲಿ 9,000 ರೂಪಾಯಿ ಸಗಟು ವ್ಯಾಪಾರಿಗೆ ಸಲ್ಲತಕ್ಕದ್ದು. ಉಳಿದ 1,000ದಲ್ಲಿ ಮಳಿಗೆಯ ಬಾಡಿಗೆ, ವಿದ್ಯುತ್ತು, ಸಹಾಯಕನ ಸಂಬಳ, ಇಲಿ ಕಡಿದ ಚೀಲ, ತೂಕದಲ್ಲಿ ಉದುರಿದ ಕಾಳು ಇವುಗಳಿಗೆಲ್ಲ 600 ಹೋಯಿತೆಂದರೆ ಯಜಮಾನನ ಪಾಲಿಗೆ ನಿಲ್ಲುವುದು 400. ರಾತ್ರಿ ಬಾಗಿಲು ಹಾಕುವಾಗ ಕಣ್ಣಿಗೆ ಕಾಣುವುದು 10,000. ನಮ್ಮದೆನ್ನಬಹುದಾದುದು 400 ಮಾತ್ರ. ಈ ಎರಡು ಅಂಕಿಗಳ ನಡುವಣ ಅಂತರವನ್ನು ಮರೆತವನ ಅಂಗಡಿಯು ವ್ಯಾಪಾರ ಚೆನ್ನಾಗಿ ನಡೆಯುತ್ತಿರುವಾಗಲೇ ಒಳಗಿನಿಂದ ಸವೆದುಹೋಗುವುದು.

ನಮ್ಮ ಅಂಗಡಿಯನ್ನು ತೆರೆದವರು ತಂದೆಯವರು, ಉಳಿಸಿದವರು ತಾಯಿಯವರು. ತಾಯಿಯವರು ಒಂದು ದಿನವಾದರೂ ತಕ್ಕಡಿ ಹಿಡಿದವರಲ್ಲ. ಆದರೆ ಅವರು ಹಾಕಿದ ಕಟ್ಟಳೆಗಳು ಎರಡು. ತಿಂಗಳ ಮೊದಲನೆಯ ತಾರೀಖು ಯಜಮಾನರು ಗೊತ್ತಾದ ಸಂಬಳವನ್ನು ತೆಗೆದುಕೊಳ್ಳತಕ್ಕದ್ದು. ಅದರ ಮೇಲೆ ಒಂದು ಕಾಸನ್ನೂ ಮುಟ್ಟಕೂಡದು. ಇನ್ನು, ಅಂಗಡಿಯಿಂದ ಮನೆಗೆ ಬಂದ ಪ್ರತಿಯೊಂದು ಪದಾರ್ಥವನ್ನೂ ಉದ್ರಿಯ ಪುಸ್ತಕದಲ್ಲಿ ‘ಮನೆ’ ಎಂಬ ಹಾಳೆಯಲ್ಲಿ ಬರೆದು, ತಿಂಗಳ ಕೊನೆಗೆ ತೀರಿಸತಕ್ಕದ್ದು. ನಮ್ಮ ಅಂಗಡಿಯ ಬೆಲ್ಲಕ್ಕೆ ನಾವೇ ಸಾಲಗಾರರೇ ಎಂದು ತಂದೆಯವರು ನಕ್ಕರೆ, “ಅಂಗಡಿಯು ನಮ್ಮನ್ನು ಸಾಕಬೇಕಾದರೆ ಮೊದಲು ನಾವು ಅದಕ್ಕೆ ಒಳ್ಳೆಯ ಗಿರಾಕಿಗಳಾಗಬೇಕು” ಎನ್ನುವರು. ಒಂದು ಯುಗಾದಿಗೆ ಅಂಗಡಿಯಲ್ಲಿ ಬೆಲ್ಲದ ಅಚ್ಚುಗಳು ಸೂರಿನವರೆಗೆ ಪೇರಿಸಿದ್ದರೂ ಮನೆಯಲ್ಲಿ ಹೋಳಿಗೆಯಾಗಲಿಲ್ಲ. ಆ ತಿಂಗಳ ಸಂಬಳವು ತಂಗಿಯ ಔಷಧಕ್ಕೆ ಮುಗಿದುಹೋಗಿದ್ದಿತು. ಬಾಲಕನಾದ ನನಗೆ ಅದು ಕಾಠಿಣ್ಯವೆಂದು ತೋರಿತು. ತಂದೆಯವರು ತೀರಿಕೊಂಡ ವರ್ಷ, ಸಗಟು ವ್ಯಾಪಾರಿಗಳಲ್ಲಿ ಒಬ್ಬರಾದರೂ ಬಾಕಿ ಕೇಳಲು ನಮ್ಮ ಬಾಗಿಲಿಗೆ ಬರಲಿಲ್ಲವೆಂಬುದನ್ನು ಕಂಡಾಗ ಅದರ ಅರ್ಥವು ತಿಳಿಯಿತು.

ಇಂತಹ ಗೃಹಿಣಿಯರು ಕನ್ನಡನಾಡಿಗೆ ಹೊಸಬರಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನ ಕಾಯಕವು ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಹೆಂಡತಿ ಲಕ್ಕಮ್ಮನು ಹೇಳಿದಳೆಂಬ ಕಥೆಯನ್ನು ಯಾರು ಕೇಳಿಲ್ಲ! ನಮ್ಮ ದುಡಿಮೆಗೆ ಸಂದುದೆಷ್ಟು, ಕೈಗೆ ಸಿಕ್ಕಿದುದೆಷ್ಟು ಎಂಬ ವಿವೇಕವನ್ನೇ ಆಕೆಯು ಗಂಡನಿಗೆ ನೆನಪಿಸಿದುದು.

ಸಣ್ಣ ವ್ಯಾಪಾರಿಯ ಈ ಶಿಸ್ತಿಗೆ ನಮ್ಮ ಕರಾವಳಿಯವರು ಒಂದು ಒಳ್ಳೆಯ ಉಪಾಯವನ್ನೂ ಕಂಡುಹಿಡಿದರು. ಉಡುಪಿಯಲ್ಲಿ 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾಕ್ಟರ್ ಟಿ. ಎಂ. ಎ. ಪೈ ಇವರು ಕಟ್ಟಿದ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿಯೇ ದಿನದಿನವೂ ಬಾಗಿಲಿಗೆ ಬಂದು ಎರಡಾಣೆಯಷ್ಟು ಅಲ್ಪಮೊತ್ತವನ್ನೂ ಪಡೆದು ಬರೆದುಕೊಂಡು ಹೋಗುವನು. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಆ ಸಂಸ್ಥೆಯು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಪಿಗ್ಮಿಯ ಪದ್ಧತಿಯಾದರೋ ನಮ್ಮ ಪೇಟೆಬೀದಿಗಳಲ್ಲಿ ಇನ್ನೂ ಬದುಕಿದೆ. ಹನಿಗೂಡಿ ಹಳ್ಳವಾಗುವುದು ಅದರ ಒಂದು ಗುಣ. ದಿನವೂ ಒಬ್ಬ ಪರರ ಮುಂದೆ ಪೆಟ್ಟಿಗೆಯ ಲೆಕ್ಕವನ್ನು ನೆನೆಯುವಂತೆ ಮಾಡುವುದು ಅದಕ್ಕಿಂತ ದೊಡ್ಡ ಗುಣ.

ಈ ಕಟ್ಟಳೆಗಳೆಲ್ಲ ಪರೀಕ್ಷೆಗೆ ಬಂದುದು 2020ನೆಯ ಮಾರ್ಚಿ 25ರಿಂದ. ರೋಗಭಯದಿಂದ ದೇಶವೆಲ್ಲ ಬಾಗಿಲು ಮುಚ್ಚಿದಾಗ ದಿನಸಿ ಅಂಗಡಿಗಳಿಗೆ ವಿನಾಯಿತಿ ಇದ್ದಿತು. ಅಂಗಡಿ ತೆರೆದಿತ್ತು, ಕೊಳ್ಳುವವರ ಕೈ ಬರಿದಾಗಿತ್ತು. ಗಾರೆಯವರು, ದರ್ಜಿಗಳು, ಆಟೋ ನಡೆಸುವವರು ‘ಈ ದಿನ ನಗದು, ನಾಳೆ ಉದ್ರಿ’ ಎಂಬ ಹಲಗೆಯ ಕೆಳಗೆ ನಿಂತು ಮಾತನಾಡದೆ ನೋಡುತ್ತಿದ್ದರು. ಕೊಡಬಾರದೆನ್ನಲು ಬಾಯಿ ಬಾರದು. ಆದರೆ 90 ರೂಪಾಯಿಯ ಒಂದು ಉದ್ರಿ ಮುಳುಗಿದರೆ ಅದನ್ನು ತುಂಬಲು 9 ಸಲ 100 ರೂಪಾಯಿಯ ವ್ಯಾಪಾರದ ಲಾಭವೆಲ್ಲ ಬೇಕು. ಸಗಟು ವ್ಯಾಪಾರಿಯೂ ನಗದನ್ನೇ ಕೇಳುವನು. ಅಂಗಡಿಯು ಮುಳುಗಿದರೆ ಬೀದಿಗೆ ಅಕ್ಕಿಯೇ ಇಲ್ಲ.

ಆ ರಾತ್ರಿ ನಾನೂ ನನ್ನ ಹೆಂಡತಿಯೂ ಪುಸ್ತಕವನ್ನು ಮುಂದಿಟ್ಟುಕೊಂಡು ಕುಳಿತೆವು. ಅಂಗಡಿಯ ಹಣವೂ ಮನೆಯ ಹಣವೂ ಬೇರೆಬೇರೆಯಾಗಿ ನಿಂತಿದ್ದುದರಿಂದ, ಎಷ್ಟು ಕೊಡಬಹುದೆಂಬುದು ಒಂದು ಗಂಟೆಯಲ್ಲಿ ಸ್ಪಷ್ಟವಾಯಿತು: 40 ಮನೆಗಳಿಗೆ ಅಕ್ಕಿ, ಬೇಳೆ, ಎಣ್ಣೆ, ಉಪ್ಪು. ಪಿಗ್ಮಿಯ ಹಣದಿಂದ ಸರಕು ತಂದೆವು. ನಮ್ಮ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡೆವು. ಮರುವರ್ಷದ ದೀಪಾವಳಿಯ ಹೊತ್ತಿಗೆ 33 ಮನೆಯವರು ಹತ್ತು, ಇಪ್ಪತ್ತು ಎಂದು ಕೊಟ್ಟು ತೀರಿಸಿದ್ದರು. ಉಳಿದವರು ಎಲ್ಲಿಗೋ ಹೋಗಿದ್ದರು. ಅವರ ಹಾಳೆಗಳ ನಷ್ಟವನ್ನು ಅಂಗಡಿಯ ತಲೆಗೆ ಕಟ್ಟದೆ ನಮ್ಮ ಸಂಬಳದಿಂದಲೇ 12 ತಿಂಗಳಲ್ಲಿ ತುಂಬಿದೆವು. ಕೊಡಬೇಕೆಂದು ನಿಶ್ಚಯಿಸಿದವರು ನಾವಲ್ಲವೆ? ದಾನವನ್ನು ಮಾಡತಕ್ಕದ್ದು ಮನೆಯ ಹಣದಿಂದ. ಅಂಗಡಿಯ ಹಣದಲ್ಲಿ ಸಗಟು ವ್ಯಾಪಾರಿಯ ಪಾಲೂ ಸಹಾಯಕನ ಕೂಳೂ ಸೇರಿವೆ.

ಈಗ ಕಾಲವು ಬದಲಾಗಿದೆ. 2016ರಲ್ಲಿ ಯುಪಿಐ ಬಂದ ಮೇಲೆ, ಅರ್ಧಕ್ಕಿಂತ ಹೆಚ್ಚು ಗಿರಾಕಿಗಳ ಹಣವು ನಮ್ಮ ಗಲ್ಲಾಪೆಟ್ಟಿಗೆಯನ್ನು ಮುಟ್ಟದೆ ಮೊಬೈಲಿನ ಮೂಲಕ ನೆಟ್ಟಗೆ ಬ್ಯಾಂಕಿಗೆ ಹೋಗುತ್ತದೆ. ಪೆಟ್ಟಿಗೆಯು ಕಣ್ಣಿಗೆ ಕಾಣದಂತಾದುದರಿಂದ ಎಚ್ಚರವು ಇಮ್ಮಡಿಯಾಗಬೇಕು. ಅದೇ ಮೊಬೈಲಿನಿಂದ ಮನೆಯ ಖರ್ಚೂ ಸರಾಗವಾಗಿ ಹರಿದುಹೋಗುವುದಷ್ಟೆ. ಆದುದರಿಂದ ಹೊಸದಾಗಿ ಅಂಗಡಿಯಿಡುವ ತರುಣ ತರುಣಿಯರಿಗೆ ನನ್ನದೊಂದೇ ವಿಜ್ಞಾಪನೆ. ಬಂಡವಾಳ, ಸ್ಥಳ, ಸರಕು ಇವುಗಳನ್ನು ಯೋಚಿಸುವ ಮೊದಲು ಬ್ಯಾಂಕಿನಲ್ಲಿ ಎರಡು ಖಾತೆಗಳನ್ನು ತೆರೆಯಿರಿ. ನಿಮ್ಮ ಸಂಬಳವೆಷ್ಟೆಂಬುದನ್ನು ಮನೆಯವರೊಡನೆ ಕುಳಿತು ಗೊತ್ತುಮಾಡಿರಿ. ಮೇಲಧಿಕಾರಿಯಿಲ್ಲದವನು ತನಗೆ ತಾನೇ ಮೇಲಧಿಕಾರಿಯಾಗಬೇಕು. ಆ ಕೆಲಸವನ್ನು ಕಲಿಯಲು ಉದ್ರಿಯ ಪುಸ್ತಕದ ‘ಮನೆ’ ಎಂಬ ಹಾಳೆಗಿಂತ ಒಳ್ಳೆಯ ಪಾಠಶಾಲೆಯು ಬೇರೊಂದಿಲ್ಲವೆಂದು ನನ್ನ ನಂಬಿಕೆ.