ಚೌರಿ ಅಂಗಡಿಯ ಹಾಜರಿ ಪುಸ್ತಕ

ಮೂವತ್ತು ವರ್ಷಗಳಿಂದ ಹಾಜರಿ ಪುಸ್ತಕ ತುಂಬುತ್ತಾ ಬಂದವಳು ನಾನು. "ಮಿಸ್, ನಮ್ಮ ಅಂಗಡಿಗೆ ಒಂದು ಸಾಫ್ಟ್‌ವೇರ್ ಆರಿಸಿಕೊಡಬೇಕು, ಭಾನುವಾರ ಬಂದ್ಬಿಡಿ" ಎಂದು ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನು ಮಾಡಿದಾಗ ನಗು ಬಂತು. ಟಿ.ವಿ. ರಿಮೋಟಿನಲ್ಲಿ ಯಾವ ಗುಂಡಿ ಒತ್ತಬೇಕೆಂದು ಇವತ್ತಿಗೂ ಯಜಮಾನರನ್ನು ಕೇಳುವ ನಾನು ಸಾಫ್ಟ್‌ವೇರ್ ಆರಿಸುವುದೇ! ಆದರೆ ಶಾಲೆಯ ಮಕ್ಕಳ ವಿವರಗಳನ್ನೆಲ್ಲ ಕಂಪ್ಯೂಟರಿನ ಎಸ್‌ಎಟಿಎಸ್‌ಗೆ ತುಂಬುವ ಕೆಲಸ ನನ್ನ ತಲೆಗೆ ಬಿದ್ದಿರುವುದರಿಂದ ಊರಿನವರ ಕಣ್ಣಿಗೆ ನಾನು ದೊಡ್ಡ ಪಂಡಿತೆ. ಅವಳು ನನ್ನನ್ನೇ ಕರೆದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಅದನ್ನು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. 2022ರಲ್ಲಿ ನಾನೂ ಅವಳ ಗಿರಾಕಿಯಾಗಿದ್ದೆ.

ಬೇಲೂರಿನ ದೇವಸ್ಥಾನದ ರಸ್ತೆಯಿಂದ ಒಳಗೆ ತಿರುಗುವ ಓಣಿಯಲ್ಲಿ, ಮಹಡಿಯ ಮೇಲೆ ಅವಳ ಅಂಗಡಿ. ಕಿಟಕಿ ತೆರೆದರೆ ಗೋಪುರ ಕಾಣುತ್ತದೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವನ ಗುಡಿ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಎಲ್ಲೆಲ್ಲಿಂದಲೋ ಜನ ಬಂದು ದರ್ಪಣ ಸುಂದರಿಯ ಮುಂದೆ ಕತ್ತೆತ್ತಿ ನಿಲ್ಲುತ್ತಾರೆ. ಕನ್ನಡಿ ಹಿಡಿದ ಆ ಶಿಲಾಬಾಲಿಕೆಯ ತಲೆಯಿಂದ ಒಂಬೈನೂರು ವರ್ಷಗಳಲ್ಲಿ ಒಂದು ಕೂದಲೂ ಉದುರಿಲ್ಲ! ಅವಳ ಗುಡಿಯ ಪಕ್ಕದ ಓಣಿಯಲ್ಲೇ, ಕನ್ನಡಿ ನೋಡಲು ಹೆದರುವ ಹೆಂಗಸರು ಸೆರಗು ಹೊದ್ದುಕೊಂಡು ಮಹಡಿಯ ಮೆಟ್ಟಿಲು ಹತ್ತುತ್ತಾರೆ.

ಇವಳು ಅಂಗಡಿ ಶುರು ಮಾಡಿದ್ದು ಮದುಮಕ್ಕಳ ಚೌರಿಯಿಂದ. ಮೊಗ್ಗಿನ ಜಡೆಗೆ ಉದ್ದ ಸಾಲದವರಿಗೆ ಚೌರಿ, ಕುಚ್ಚು, ಜಡೆಬಿಲ್ಲೆ ಬಾಡಿಗೆಗೆ. ಆಮೇಲೆ ಭರತನಾಟ್ಯದ ಮಕ್ಕಳು, ಶಾಲಾ ವಾರ್ಷಿಕೋತ್ಸವಕ್ಕೆ ಟೋಪನ್ ಕೇಳುವ ನಮ್ಮಂಥ ಮೇಷ್ಟ್ರುಗಳು. ಕೊನೆಗೆ ಬಂದವರು ಕ್ಯಾನ್ಸರ್ ಚಿಕಿತ್ಸೆಗೆ ಹಾಸನ, ಬೆಂಗಳೂರು ಎಂದು ಓಡಾಡುವ ಹೆಂಗಸರು. ನಾವು ಚಿಕ್ಕವರಿದ್ದಾಗ ಬಾಚಣಿಗೆಗೆ ಬಂದ ಕೂದಲನ್ನು ಸುತ್ತಿ ಗೋಡೆಯ ಸಂದಿಗೆ ಸಿಕ್ಕಿಸಿಟ್ಟು, ಮನೆಬಾಗಿಲಿಗೆ ಬರುವವಳಿಗೆ ಕೊಟ್ಟು ಏರ್‌ಪಿನ್ನು ತೆಗೆದುಕೊಳ್ಳುತ್ತಿದ್ದೆವು. ಹಾಗೆ ಸೇರಿದ ಕೂದಲನ್ನು ಬಿಡಿಸಿ, ಉದ್ದ ನೋಡಿ ವಿಂಗಡಿಸುವುದು ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಎಷ್ಟೋ ಹೆಂಗಸರ ಕಸುಬು. ನಾವು ಬಿಸಾಡಿದ್ದೇ ಒಂದು ದಿನ ನಮ್ಮ ತಲೆಗೇ ತಿರುಗಿ ಬರುತ್ತದೆಂದು ಆಗ ಯಾರಿಗೆ ಗೊತ್ತಿತ್ತು?

ಇಷ್ಟು ವ್ಯಾಪಾರಕ್ಕೆ ಅವಳ ಬಳಿ ಇದ್ದದ್ದು ಒಂದು ನೋಟ್‌ಬುಕ್ಕು, ಗೋಡೆಯ ಮೇಲೊಂದು ಕ್ಯಾಲೆಂಡರು. ಒಂದೇ ಮುಹೂರ್ತದ ಇಬ್ಬರು ಮದುಮಕ್ಕಳಿಗೆ ಒಂದೇ ಚೌರಿ ಬರೆದಿಟ್ಟು ಪಜೀತಿ ಪಟ್ಟದ್ದನ್ನು ನಗುತ್ತಲೇ ಹೇಳಿದಳು. ಇನ್ನೊಂದನ್ನು ಹೇಳುವಾಗ ನಗಲಿಲ್ಲ. ಹಳೇಬೀಡಿನ ಕಡೆಯ ಒಬ್ಬಾಕೆಯ ಅಳತೆಯ ದಿನ ಕ್ಯಾಲೆಂಡರಿನ ಹಾಳೆಯೊಂದಿಗೆ ಹರಿದುಹೋಗಿತ್ತಂತೆ. ವಿಗ್ಗು ಬರುವುದು ತಡವಾಗಿ, ಮಗಳ ಆರತಿಯಲ್ಲಿ ಆಕೆ ತಲೆಗೆ ಟವೆಲು ಸುತ್ತಿಕೊಂಡು ಅಡಿಗೆಮನೆಯಲ್ಲೇ ಕೂತಿದ್ದರಂತೆ.

ಈ ದಿನಗಳ ಲೆಕ್ಕ ನನಗೆ ಚೆನ್ನಾಗಿ ಗೊತ್ತು. ನನಗೆ ಮೂರು ವಾರಕ್ಕೊಂದು ಕಿಮೋ. ಮೊದಲನೆಯದಾದ ಹದಿನೇಳನೆಯ ದಿನ ಬೆಳಿಗ್ಗೆ ಎದ್ದಾಗ ದಿಂಬಿನ ಮೇಲೆ ಅರ್ಧ ಜಡೆಯಷ್ಟು ಕೂದಲಿತ್ತು. ಎರಡು ಮೂರು ವಾರದಲ್ಲೇ ಹೀಗಾಗುವುದುಂಟೆಂದು ಡಾಕ್ಟರು ಮೊದಲೇ ಹೇಳಿದ್ದರು. ಆದ್ದರಿಂದ ತಲೆಯ ಸುತ್ತಳತೆ, ಹಣೆಯಿಂದ ಹಿಂಗತ್ತಿಗೆ, ಕಿವಿಯಿಂದ ಕಿವಿಗೆ, ಇವನ್ನೆಲ್ಲ ಕೂದಲಿರುವಾಗಲೇ ತೆಗೆದು, ಬಣ್ಣ, ಬೈತಲೆ ನೋಡಿಟ್ಟುಕೊಳ್ಳಬೇಕು. ಉದುರಿದ ಮೇಲೆ ಮತ್ತೆ ಕೂರಿಸಿ ಬಿಗಿ ಮಾಡಬೇಕು. ಆಮೇಲೆ ಕತ್ತರಿಸಿ ಮುಖಕ್ಕೆ ಹೊಂದಿಸುವುದು, ಆಗಾಗ ತೊಳೆಯುವುದು. ಅಗ್ಗದ ಸಿಂಥೆಟಿಕ್ ಕೂದಲಾದರೆ ಒಲೆಯ ಝಳಕ್ಕೆ ಸುರುಟಿಕೊಳ್ಳುತ್ತದೆ. ಒಗ್ಗರಣೆ ಹಾಕುವಾಗ ಹುಷಾರು ಎಂದು ಅವಳು ನನಗೆ ಪಾಠ ಹೇಳಿದ್ದಳು!

ಆ ವರ್ಷ ನನ್ನ ಅತ್ತೆ ಅರಸೀಕೆರೆಯಲ್ಲಿ ಮೈದುನನ ಮನೆಯಲ್ಲಿದ್ದರು. "ಸಣ್ಣ ಆಪರೇಷನ್ನು" ಎಂದಷ್ಟೇ ಅವರಿಗೆ ತಿಳಿಸಿದ್ದೆವು. ಗೌರಿಹಬ್ಬಕ್ಕೆ ಬಂದವರು ನನ್ನ ವಿಗ್ಗನ್ನು ನೋಡಿ, "ಏನೇ ಇದು, ಕೂದಲು ಒಣಗಿ ನಾರಾಗಿದೆ, ಎಣ್ಣೆ ಹಚ್ಕೊಬಾರ್ದಾ?" ಎಂದಿದ್ದರು. ನನಗೆ ಕೂದಲು ಮತ್ತೆ ಬಂದು, ಅವರು ನಮ್ಮಲ್ಲೇ ಇರತೊಡಗಿದ ಮೇಲೂ ಪ್ರತಿ ಶುಕ್ರವಾರ ಅದೇ ಮಾತು. ಶಾಲೆಯಲ್ಲಿ ಹೆಡ್‌ಮಿಸ್ ಒಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಸರಿ, ಭಾನುವಾರ ಹೋದೆ. ಮೊದಲು ನೋಡಿದ್ದು ಅಂಗಡಿ ಲೆಕ್ಕದ್ದು. ಬಿಲ್ಲು, ದಾಸ್ತಾನು, ತೆರಿಗೆ ಎಲ್ಲ ಅಚ್ಚುಕಟ್ಟು. ಆದರೆ ಯಾರು ಯಾವತ್ತು ಬರುತ್ತಾರೆಂಬುದು ಅದಕ್ಕೆ ಬೇಕಿಲ್ಲ. ಎರಡನೆಯದು ಬ್ಯೂಟಿ ಪಾರ್ಲರಿನದು. ಅರ್ಧ ಗಂಟೆಗೊಬ್ಬರು ಬಂದು ಹೋದರೆ ಮುಗಿಯಿತು ಅದರ ಲೋಕ. ನಮ್ಮದು ಒಂದೇ ಆರ್ಡರಿಗೆ ನಾಲ್ಕು ಸಲ ಬರುವ ಗಿರಾಕಿ. ಮುಂಗಡ ಇವತ್ತು, ಬಾಕಿ ಎರಡು ತಿಂಗಳ ಮೇಲೆ. ಮೂರನೆಯದರಲ್ಲಿ ಇದೆಲ್ಲ ಇತ್ತು. ತೋರಿಸಲು ಬಂದ ಹುಡುಗ ಹೆಮ್ಮೆಯಿಂದ, "ಮೇಡಂ, ನೀವೇನೂ ನೆನಪಿಟ್ಕೊಳ್ಳೋದು ಬೇಡ. ಹುಟ್ಟುಹಬ್ಬ, ಬಾಕಿ ಹಣ, ತೊಳೆಸೋ ದಿನ, ಎಲ್ಲಕ್ಕೂ ಅದೇ ಮೆಸೇಜ್ ಹಾಕುತ್ತೆ, ಕನ್ನಡದಲ್ಲೇ" ಎಂದ. ಕನ್ನಡ ಎಂದೊಡನೆ ಕನ್ನಡ ಮೇಡಂ ಕರಗಿದಳು. ಹದಿನೈದು ದಿನ ಪರೀಕ್ಷೆ ಮಾಡಿ ನೋಡಿ ಎಂದು ನಾನೇ ಹೇಳಿದೆ. ನೋಟ್‌ಬುಕ್ಕಿನ ಹೆಸರು, ನಂಬರುಗಳನ್ನೆಲ್ಲ ಸಾಯಂಕಾಲದವರೆಗೆ ಕೂತು ತುಂಬಿಸಿದವಳೂ ನಾನೇ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರಿಗೂ ಮೆಸೇಜು ಹೋಯಿತು. ನಾನು ಶಾಲೆಯಲ್ಲಿದ್ದೆ, ಫೋನು ಮನೆಯಲ್ಲಿ ಚಾರ್ಜಿಗೆ. "ನಿಮ್ಮ ವಿಗ್ ತೊಳೆಸುವ ಸಮಯ ಬಂದಿದೆ." ಅತ್ತೆಗೆ ಕನ್ನಡಕವಿದ್ದರೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ. ಸಂಜೆ ನಾನು ಬಂದಾಗ ಅವರೇನೂ ಕೇಳಲಿಲ್ಲ. ಕಾಫಿ ಅವರೇ ಮಾಡಿಟ್ಟಿದ್ದರು. ಆಮೇಲೆ ಬಂದ ಶುಕ್ರವಾರ ಎಣ್ಣೆಯ ಮಾತು ಬರಲಿಲ್ಲ. ಅವತ್ತಿನಿಂದ ಇವತ್ತಿನವರೆಗೂ ಬಂದಿಲ್ಲ.

ನನ್ನದು ಅಷ್ಟಕ್ಕೇ ಮುಗಿಯಿತು. ಆದರೆ ಸಕಲೇಶಪುರದ ಕಡೆಗೆ ಕೊಟ್ಟಿದ್ದ ಒಂದು ಹುಡುಗಿಗೆ ಯಾವ ಕಾಯಿಲೆಯೂ ಇರಲಿಲ್ಲ. ನಡುನೆತ್ತಿಯಲ್ಲಿ ಕೂದಲು ಹೋಗಿತ್ತು ಅಷ್ಟೇ. ತವರಿಗೆ ಬಂದಾಗ ಅಳತೆ ಕೊಟ್ಟು, ಎರಡು ಸಾವಿರ ಮುಂಗಡ ಕಟ್ಟಿ ಹೋಗಿದ್ದಳು. ಅವಳು ಕೊಟ್ಟಿದ್ದ ನಂಬರು ಗಂಡನದು. ಮಧ್ಯಾಹ್ನ ಬೇರೆ ಯಾವುದೋ ಫೋನಿನಿಂದ, "ಅಕ್ಕಾ, ನನ್ನ ಹೆಸರು ಅಳಿಸಿಬಿಡಿ" ಎಂದಳಂತೆ. ಹಿಂದೆ ಯಾರೋ ಗಂಡಸರ ದನಿ. ಅಷ್ಟರಲ್ಲಿ ಫೋನು ಇಟ್ಟಳಂತೆ.

ಅವತ್ತು ಸಂಜೆ ನಾವಿಬ್ಬರೂ ಬಹಳ ಹೊತ್ತು ಮಾತಿಲ್ಲದೆ ಕೂತಿದ್ದೆವು. ಗಿರಾಕಿಯ ವಿವರವನ್ನು ಅವರ ಒಪ್ಪಿಗೆಯಿಲ್ಲದೆ ಬಳಸಬಾರದೆಂದು 2023ರಲ್ಲಿ ಕಾಯ್ದೆಯೇ ಬಂದಿದೆ. ಆದರೆ ಆ ಹುಡುಗಿಯ ನಂಬರನ್ನು ಒತ್ತಿದ್ದು ನನ್ನ ಬೆರಳು. ಹಾಜರಿ ತುಂಬುವವಳ ಅಭ್ಯಾಸ ನೋಡಿ, ಖಾನೆ ಖಾಲಿ ಬಿಡಲು ಮನಸ್ಸೇ ಬರುವುದಿಲ್ಲ.

ಮುಂದಿನ ಭಾನುವಾರ ಪ್ರಶ್ನೆಪತ್ರಿಕೆ ಬರೆದುಕೊಂಡು ಹೋದೆ. ಮೆಸೇಜು ಕಳಿಸುವುದನ್ನು ಪೂರ್ತಿ ನಿಲ್ಲಿಸಲು ಆಗುತ್ತದೆಯೇ? ಹೆಸರಿನ ಬದಲು ಬರೀ ಸಂಖ್ಯೆ ಬರೆದರೆ ನಡೆಯುತ್ತದೆಯೇ? ಒಂದು ಆರ್ಡರಿನ ನಾಲ್ಕು ದಿನಗಳು ಒಂದೇ ಕಡೆ ಕಾಣುತ್ತವೆಯೇ? ಮಳೆಗಾಲದಲ್ಲಿ ಇಂಟರ್‌ನೆಟ್ ಹೋದರೆ ಏನು ಗತಿ? ನಾಳೆ ಬೇಡವೆಂದರೆ ನಮ್ಮ ಲೆಕ್ಕ ನಮಗೆ ವಾಪಸು ಸಿಗುತ್ತದೆಯೇ, ಅವರ ಕಡೆಯಿಂದ ಅಳಿಸಿಹೋಗುತ್ತದೆಯೇ? ತಿಂಗಳ ಬಾಡಿಗೆ ಎಷ್ಟೆಂಬ ಪ್ರಶ್ನೆಯನ್ನು ಕೊನೆಗಿಟ್ಟೆ. ಮೊದಲ ಮೂರರಲ್ಲಿ ಒಂದೂ ಪಾಸಾಗಲಿಲ್ಲ. ಆಮೇಲೆ ಸಿಕ್ಕಿದ ನಾಲ್ಕನೆಯದು ಅಂಥ ಜಾಣನೇನಲ್ಲ, ಹುಟ್ಟುಹಬ್ಬ ಗೊತ್ತಿಲ್ಲ; ಆದರೆ ಬಾಯಿ ಮುಚ್ಚು ಎಂದರೆ ಮುಚ್ಚುತ್ತದೆ. ಅದನ್ನೇ ತೆಗೆದುಕೊಂಡೆವು.

ಈಗ ಕಂಪ್ಯೂಟರಿನಲ್ಲಿ ಇರುವುದು ಸಂಖ್ಯೆ, ತಾರೀಖು, ಹಣ. ಹೆಸರುಗಳು ಬೀಗದ ಡ್ರಾಯರಿನ ನೋಟ್‌ಬುಕ್ಕಿನಲ್ಲಿ. ಅಲ್ಲಿ ನಾನೊಂದು ಗೆರೆ ಎಳೆದು ಹೊಸ ಖಾನೆ ಮಾಡಿದ್ದೇನೆ: "ಫೋನು ಮಾಡಬಹುದೇ? ಯಾವಾಗ? ಬೇರೆಯವರು ಎತ್ತಿದರೆ ಏನು ಹೇಳಬೇಕು?" ಒಬ್ಬರು "ಟೈಲರ್ ಅಂಗಡಿ ಅನ್ನಿ" ಎಂದು ಬರೆಸಿದ್ದಾರೆ. ಇನ್ನೊಬ್ಬರು, "ಧೈರ್ಯವಾಗಿ ವಿಗ್ಗು ಅನ್ನಿ, ನನಗೇನು ಭಯ" ಎಂದಿದ್ದಾರೆ. ದಿನ ತಪ್ಪದಂತೆ ಕಂಪ್ಯೂಟರು ನೆನಪಿಸುವುದು ಇವಳಿಗೊಬ್ಬಳಿಗೇ.

ಸಕಲೇಶಪುರದ ಹುಡುಗಿಯ ಹೆಸರನ್ನು ಅವಳು ಹೇಳಿದಂತೆ ಅವತ್ತೇ ಅಳಿಸಿದೆವು. ವಿಗ್ಗು ಬಂದು ಆರು ತಿಂಗಳಾಯಿತು. ಹೆಸರಿಲ್ಲದ ಒಂದು ಸಂಖ್ಯೆಯ ಮುಂದೆ "ಬಾಕಿ" ಎಂದು ಕೆಂಪಕ್ಷರ ದಿನವೂ ಮೂಡುತ್ತದೆ. ಬೇರೆಯವರಿಗೆ ಹೊಂದಿಸಿ ಮಾರಿಬಿಡಬಹುದಲ್ಲ ಎಂದೆ. "ಬೇಡಿ ಮಿಸ್, ಹಬ್ಬಕ್ಕೆ ತವರಿಗೆ ಬಂದಾಳು" ಎಂದಳು. ತಿಂಗಳಿಗೊಮ್ಮೆ ಅದರ ಧೂಳು ಕೊಡವಿ, ಬಾಚಿ, ಮತ್ತೆ ಕಿಟಕಿಯ ಪಕ್ಕದ ಸ್ಟ್ಯಾಂಡಿನ ಮೇಲೇ ಇಡುತ್ತಾಳೆ.