ಅಟ್ಟ ಮೇಲೂ ಉರಿಯುವ ಒಲೆ

ಪ್ಲಾಸ್ಟಿಕ್ ಮುಚ್ಚಳ ಮಾಡುವಾಗ ಹೆಚ್ಚು ಹೊತ್ತು ಹಿಡಿಯೋದು ಯಾವುದಕ್ಕೆ ಗೊತ್ತಾ? ಕರಗಿಸೋಕಲ್ಲ, ಅಚ್ಚಿಗೆ ತುಂಬೋಕೂ ಅಲ್ಲ. ಆರೋದಕ್ಕೆ! ಇಂಜೆಕ್ಷನ್ ಮೋಲ್ಡಿಂಗಿನ ಒಂದು ಸುತ್ತಿನಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಸಮಯ ಅದಕ್ಕೇ ಹೋಗುತ್ತೆ.

ಪೀಣ್ಯದಲ್ಲಿ ನಮ್ಮ ಮಾವನ ಪುಟ್ಟ ಶೆಡ್ ಇದೆ. ನಾಲ್ಕು ಹಳೇ ಹೈಡ್ರಾಲಿಕ್ ಮೆಷೀನು. ಕರೆಂಟ್ ಬಿಲ್ ನೋಡಿ "ಎರಡನ್ನ ಮಾರಿಬಿಡ್ತೀನಿ ಕಣೋ" ಅಂತಿದ್ರು. ಎರಡು ಪಾಳಿ ಲೆಕ್ಕ ಹಾಕಿದ್ರೆ ನಾಲ್ಕು ಜನರ ಕೆಲಸ ಅದು. ನಿನಗೇನಪ್ಪಾ ಅಲ್ಲಿ ಕೆಲಸ ಅಂತೀರಾ? ಓದಿದ್ದು ಮೆಕ್ಯಾನಿಕಲ್ಲು, ಹೊಟ್ಟೆಪಾಡಿಗೆ ಜಾವಾ :) ಎರಡು ಶನಿವಾರ ಅಲ್ಲೇ ಕೂತೆ.

ಈ ಹಳೇ ಮೆಷೀನುಗಳಲ್ಲಿ ಸ್ಕ್ರೂ ಮುಂದಿನ ಸರದಿಯ ಮಾಲು ಕರಗಿಸಿಟ್ಟು ಸುಮ್ಮನಾದ ಮೇಲೂ ಪಂಪು ತಿರುಗ್ತಾನೇ ಇರುತ್ತೆ. ನಮ್ಮ ಭಾಷೇಲಿ ಹೇಳೋದಾದ್ರೆ ಖಾಲಿ ವೈಲ್ ಲೂಪ್! ಸರ್ವೋ ಪಂಪ್ ಹಾಕಿಸಬಹುದು, ಆದ್ರೆ ದುಡ್ಡು? ಹಾಗಾಗಿ ಇರೋದನ್ನೇ ಸರಿಯಾಗಿ ಸೆಟ್ ಮಾಡೋಣ ಅಂತಾಯ್ತು.

ಮೊದಲು ಹೋಲ್ಡಿಂಗ್ ಟೈಮ್. ಒಂದೊಂದೇ ಸೆಕೆಂಡ್ ಏರಿಸ್ತಾ ಮುಚ್ಚಳ ತೂಗಿದ್ವಿ. 5 ಸೆಕೆಂಡಿಗೇ ತೂಕ ಏರೋದು ನಿಂತುಹೋಯ್ತು. ಅಂದ್ರೆ ಮಾಲು ಒಳಹೋಗೋ ಗೇಟು ಗಟ್ಟಿಯಾಗಿದೆ, ಆಮೇಲೆ ಎಷ್ಟು ಒತ್ತಿದ್ರೂ ದಂಡ. ಇದ್ದ ಸೆಟ್ಟಿಂಗು 8! ಡ್ರೈಯರ್ ಕೂಡ ಉರೀತಿತ್ತು. ನೈಲಾನ್, ಎಬಿಎಸ್ ತೇವ ಹೀರುತ್ತವೆ, ಒಣಗಿಸಲೇಬೇಕು. ಇಲ್ಲಿ ಓಡ್ತಿದ್ದದ್ದು ತೇವ ಹೀರದ ಪಿಪಿ. ಆರಿಸಿದ್ವಿ. ಬ್ಯಾರೆಲ್ ಹೀಟರುಗಳಿಗೆ ಶಾಖ ನಿರೋಧಕ ಹೊದಿಕೆ ಸುತ್ತಿದ್ವಿ.

ಇಷ್ಟೆಲ್ಲಾ ನೋಡ್ತಾ ನಿಂತಿದ್ದ ಹಿರಿಯ ಆಪರೇಟರ್ ಒಬ್ರು ಮೆಲ್ಲಗೆ, "ಸಾರ್, ಅಚ್ಚಿನ ನೀರಿನ ದಾರೀಲಿ ಉಪ್ಪು ಕಟ್ಟಿದೆ" ಅಂದ್ರು. ಬೋರ್‌ವೆಲ್ ನೀರು. ತೊಳೆಸಿದ ಮೇಲೆ ಕೂಲಿಂಗಿನಲ್ಲಿ ಇನ್ನೂ 2 ಸೆಕೆಂಡ್ ಇಳೀತು, ಮುಚ್ಚಳ ಸೊಟ್ಟಗಾಗಲಿಲ್ಲ. 32 ಸೆಕೆಂಡಿನ ಸುತ್ತು 27ಕ್ಕೆ ಬಂತು. ಗಂಟೆಗೆ 112 ಬರ್ತಿದ್ದ ಕಡೆ 133 ಮುಚ್ಚಳ! ಖಾಲಿ ತಿರುಗೋ ಪಂಪಿನ ಕರೆಂಟು ಈಗ ಹೆಚ್ಚು ಮುಚ್ಚಳಗಳಿಗೆ ಹಂಚಿಹೋಗುತ್ತೆ.

"ಮೊದಲೇ ಯಾಕೆ ಹೇಳಲಿಲ್ಲ?" ಅಂತ ಮಾವ ಕೇಳಿದ್ರು. "ಯಾರೂ ಕೇಳಲಿಲ್ವಲ್ಲ ಸಾರ್."

ಯೋಚಿಸಿ ನೋಡಿ. ರಿಜೆಕ್ಟ್ ಬಂದ್ರೆ ಆಪರೇಟರಿಗೆ ತಕ್ಷಣ ಬೈಗುಳ. ಕರೆಂಟು ಉಳಿಸಿದ್ರೆ ಶಹಭಾಸ್ ಅನ್ನೋರಿಲ್ಲ. ಹಾಗಾಗಿ ಏನೇ ತೊಂದರೆ ಬರಲಿ, ಶಾಖ, ಒತ್ತಡ, ಸಮಯ ಎಲ್ಲಾನೂ ಒಂದು ಕೈ ಹೆಚ್ಚು ಇಡ್ತಾರೆ. ಏರಿಸಿದ್ದನ್ನು ಇಳಿಸೋ ಧೈರ್ಯ ಯಾರಿಗಿದೆ? ಈಗ ಪ್ರತಿ ಅಚ್ಚಿಗೂ ಒಂದು ಸೆಟ್ಟಿಂಗ್ ಹಾಳೆ ಮಾಡಿ, ಬದಲಾಯಿಸಿದ್ರೆ ಕಾರಣ ಬರೆಯೋಕೆ ಜಾಗ ಬಿಟ್ಟಿದೀವಿ. ಆ ಹಾಳೆ ಅವರ ಸುಪರ್ದಿಯಲ್ಲೇ ಇದೆ.

ಮೆಷೀನು ಮಾರೋ ಮಾತು ಸದ್ಯಕ್ಕೆ ನಿಂತಿದೆ. ನಿಮ್ಮ ಕಡೆ ಇಂಥ ಶೆಡ್ ನಡೆಸೋರಿದ್ರೆ, ಮೀಟರ್ ನೋಡೋಕೆ ಮುಂಚೆ ಮೆಷೀನ್ ಮುಂದೆ ನಿಂತವರನ್ನ ಕೇಳೋಕೆ ಹೇಳಿ. ಏನಂತೀರಾ?